ತಾಂಪೆರೆಯ ಪೆನ್ಸಿಲ್ಲು, ತೋಟಪಟ್ಟಿಯ ರಿಜಿಸ್ಟರು

ಗೋಕಾಕ

ಫಿನ್ಲೆಂಡ್ ದೇಶದ ತಾಂಪೆರೆ ಎಂಬ ಊರಿಗೆ ನಾನು ಹೋದದ್ದು ಬರೆಯುವುದನ್ನು ಕಲಿಯಲಿಕ್ಕೆ. ಹದಿನಾಲ್ಕು ವರ್ಷದಿಂದ ಗೋಕಾಕದಲ್ಲಿ ಕೂತು ಪತ್ರಿಕೆಗೆ ಬರೆಯುತ್ತಿರುವವಳು ಹೀಗೆ ಹೇಳಿದರೆ ನಂಬುವವರು ಕಡಿಮೆ. ನಮ್ಮ ಸಂಪಾದಕರಂತೂ ನಂಬಲಿಲ್ಲ. "ನಿಮಗ ಬರಿಯಾಕ ಬರೂದಿಲ್ಲಂದ್ರ ಇಷ್ಟ ವರ್ಷ ನಾವು ಏನ ಛಾಪಿಸೇವ್ರಿ?" ಎಂದರು.

ನಾನು ಕಲಿಯಬೇಕಿದ್ದದ್ದು ಬೇರೆ ಬಗೆಯ ಬರವಣಿಗೆ. ಹೆರಿಗೆ, ಕಾಯಿಲೆ, ಮುಪ್ಪು ಬಂದಾಗ ಬೇರೆ ಬೇರೆ ದೇಶಗಳು ತಮ್ಮ ಜನರನ್ನು ಹೇಗೆ ನೋಡಿಕೊಳ್ಳುತ್ತವೆ ಎಂದು ಹೋಲಿಸಿ ಬರೆಯುವ ವಿದ್ವತ್ ಲೇಖನ. ಅದಕ್ಕೆಂದೇ ಅಲ್ಲಿನ ಒಂದು ವಿಶ್ವವಿದ್ಯಾಲಯ ಮೂರು ವಾರಗಳ ಶಾಲೆ ನಡೆಸುತ್ತದೆ. ಅರ್ಧ ಬರೆದ ಲೇಖನ ಒಯ್ಯಬೇಕು, ಪೂರ್ತಿ ಮಾಡಿಕೊಂಡು ಬರಬೇಕು. ಪತ್ರಕರ್ತರಿಗೆ ಒಂದು ಜಾಗ ಇಟ್ಟಿದ್ದರು. ಅದು ನನಗೆ ಸಿಕ್ಕಿತು.

ನನ್ನ ಅರ್ಧ ಲೇಖನದ ವಿಷಯ ಬಸುರಿ ಬಾಣಂತಿಯರಿಗೆ ಸರ್ಕಾರ ಕೊಡುವ ಆಹಾರ ಮತ್ತು ಆರೈಕೆ. ನಮ್ಮ ಕಡೆಯಿಂದ ಎರಡು ಅಂಗನವಾಡಿ, ಅವರ ಕಡೆಯಿಂದ ತಾಯಂದಿರ ದವಾಖಾನೆ. ಅಂಗನವಾಡಿಗಳಲ್ಲಿ ಒಂದು ಮೂಡಲಗಿ ತಾಲ್ಲೂಕಿನಲ್ಲಿ, ಕುಲಗೋಡದಿಂದ ಆಚೆ ಇರುವ ಒಂದು ತೋಟಪಟ್ಟಿಯಲ್ಲಿದೆ. ಸುತ್ತ ಕಬ್ಬು, ನಡುವೆ ಹತ್ತಿಪ್ಪತ್ತು ಮನೆ. ಇನ್ನೊಂದು ಹುಕ್ಕೇರಿ ತಾಲ್ಲೂಕಿನಲ್ಲಿ, ಸಂಕೇಶ್ವರದ ಬಾಜೂಕಿನ ಹಳ್ಳಿ. ಎರಡೂ ಕಡೆ ದಿನಗಟ್ಟಲೆ ಕೂತು ನೋಡಿದ್ದೆ, ರಿಜಿಸ್ಟರಿನ ಫೋಟೊ ತೆಗೆದುಕೊಂಡಿದ್ದೆ.

ಹೊರಡುವ ವಾರ ಫೋಟೊಗಳನ್ನು ಪಕ್ಕಪಕ್ಕ ಇಟ್ಟು ನೋಡುವಾಗ ನಾಲ್ಕು ಹೆಂಗಸರ ಹೆಸರು ಎರಡೂ ರಿಜಿಸ್ಟರಿನಲ್ಲಿ ಸಿಕ್ಕವು. ಅದೇ ಹೆಸರು, ಅದೇ ಗಂಡನ ಹೆಸರು, ಅದೇ ತಿಂಗಳು. ಒಬ್ಬಳಿಗೇ ಎರಡು ಊರಲ್ಲಿ ಆಹಾರದ ಪೊಟ್ಟಣ ಎಂದು ನಾನು ತೀರ್ಮಾನಿಸಿದೆ. ಸಂಪಾದಕರಿಗೆ ಫೋನಿನಲ್ಲಿ ಹೇಳಿದಾಗ ಅವರ ದನಿಯೇ ಬದಲಾಯಿತು. "ಲೇಖನ ಗೀಖನ ಆಮ್ಯಾಲ ನೋಡೂಣು. ನಮಗ ಸುದ್ದಿ ಕೊಡ್ರಿ. ಅಲ್ಲೇ ಕುಂತ ಬರದ್ರೂ ನಡಿತೈತಿ" ಎಂದರು. ನಾನು ಮರಳುವ ವಾರದ ಸೋಮವಾರ ಜಿಲ್ಲಾ ಪುಟದ ಮೇಲ್ಭಾಗ ನನಗೆ ಎಂದು ನಿಗದಿಯಾಯಿತು.

ತೋಟಪಟ್ಟಿಯ ಅಂಗನವಾಡಿ ಕಾರ್ಯಕರ್ತೆ ಶೋಭಾ. ಹದಿನೆಂಟು ವರ್ಷದಿಂದ ಅದೇ ಕೋಣೆಯಲ್ಲಿ ಕೆಲಸ. ನಾನು ಹೋದ ಮೊದಲ ದಿನ ರಿಜಿಸ್ಟರ್ ಕೇಳಿದಾಗ, "ಪುಸ್ತಕ ಎಲ್ಲಿ ಓಡಿ ಹೋಗತೈತ್ರಿ ಅಕ್ಕಾರ? ಉಪ್ಪಿಟ್ಟ ಆರತೈತಿ, ಮದಲ ತಿನ್ರಿ" ಎಂದಿದ್ದರು. ವರದಿ ಬಂದರೆ ಅವರಿಗೆ ನೋಟಿಸ್ ಬರುತ್ತದೆ, ಕೆಲಸವೂ ಹೋಗಬಹುದು. ನನಗೆ ಅದು ಗೊತ್ತಿತ್ತು. ನಾವು ಅದನ್ನು ವರದಿಯ ಪರಿಣಾಮ ಎಂದು ಕರೆಯುತ್ತೇವೆ, ಒಳ್ಳೆಯ ಅರ್ಥದಲ್ಲಿ.

ಅವರನ್ನು ನಾನು ಏನೂ ಕೇಳಿರಲಿಲ್ಲ. ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಯಾರ ಮೇಲೆ ಬರೆಯುತ್ತೇವೆಯೋ ಅವರಿಗೆ ಎಲ್ಲರಿಗಿಂತ ಕೊನೆಗೆ ಫೋನ್ ಮಾಡುತ್ತೇವೆ. ಮೊದಲೇ ಕೇಳಿದರೆ ಪುಸ್ತಕ ತಿದ್ದಿಬಿಡುತ್ತಾರೆ, ಇಲ್ಲವೇ ಯಾರಿಂದಲೋ ಹೇಳಿಸಿ ವರದಿ ನಿಲ್ಲಿಸುತ್ತಾರೆ. ಪುಟ ಅಚ್ಚಿಗೆ ಹೋಗುವ ಒಂದು ತಾಸು ಮುಂಚೆ ಕೇಳಿ, ಅವರು ಹೇಳಿದ್ದನ್ನು ಕೊನೆಯ ಸಾಲಿಗೆ ಹಾಕಿದರೆ ಕೆಲಸ ಮುಗಿಯಿತು. ನಾನು ಹೊಸಬರಿಗೂ ಇದನ್ನೇ ಕಲಿಸಿದ್ದೇನೆ.

ತಾಂಪೆರೆ

ಅಕ್ಟೋಬರ್ ತಿಂಗಳು. ಎರಡು ದೊಡ್ಡ ಕೆರೆಗಳ ನಡುವಿನ ಊರು, ನಡುವೆ ಇಟ್ಟಿಗೆಯ ಹಳೆಯ ಗಿರಣಿಗಳು. ನೀರಿನ ಸೆಳವಿನ ಪಕ್ಕದಲ್ಲಿ ಗಿರಣಿ ಎಂದಾಗ, ಜಲಪಾತದ ಬದಿಯ ನೂಲಿನ ಗಿರಣಿ ನೋಡಿ ಬೆಳೆದ ಗೋಕಾಕದವಳಿಗೆ ಊರಿನ ಬಗ್ಗೆ ಬೇರೆ ಪರಿಚಯ ಬೇಕಾಗಲಿಲ್ಲ. ಆದರೆ ಗಿರಣಿಯ ಒಳಗೆ ಈಗ ಯಂತ್ರಗಳಿಲ್ಲ, ಹೋಟೆಲುಗಳಿವೆ.

ಚೀಲ ತೆರೆದಾಗ ಖಡಕ್ ರೊಟ್ಟಿಗಳೆಲ್ಲ ಚೂರಾಗಿದ್ದವು. ಅಗಸಿ ಚಟ್ನಿಪುಡಿಯ ಡಬ್ಬಿ ಬಾಯಿಬಿಟ್ಟು, ಲೇಖನದ ಪ್ರತಿಗಳ ಮೇಲೆಲ್ಲ ಚೆಲ್ಲಿತ್ತು. ನನ್ನ ಕೋಣೆಯ ಜೊತೆಗಾತಿ ಕೀನ್ಯಾದ ಗ್ರೇಸ್. ಅವಳೂ ಇದೇ ಶಾಲೆಗೆ ಬಂದವಳು. ಹಾಳೆ ಕೊಡವುತ್ತ ಬೆರಳು ನೆಕ್ಕಿ, "ನಿನ್ನ ಲೇಖನ ಖಾರವಾಗಿದೆ" ಎಂದಳು. ರೊಟ್ಟಿಯ ಚೂರುಗಳನ್ನು ನಾವಿಬ್ಬರೂ ಮೊಸರಿನಲ್ಲಿ ನೆನೆಸಿ ಒಂದು ವಾರ ತಿಂದೆವು.

ಮರುದಿನ ಬಸ್ ನಿಲ್ದಾಣದಲ್ಲಿ ಒಂದು ಪ್ರಸಂಗ ನಡೆಯಿತು. ಜಿಟಿಜಿಟಿ ಮಳೆ. ಮೇಲ್ಛಾವಣಿಯ ಕೆಳಗೆ ಒಬ್ಬ ವಯಸ್ಸಾದ ಗೃಹಸ್ಥರು ನಿಂತಿದ್ದರು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಅವರು ಒಂದು ಹೆಜ್ಜೆ ಸರಿದರು. ನನಗೆ ಜಾಗ ಬಿಟ್ಟರು ಎಂದುಕೊಂಡು ನಾನೂ ಒಂದು ಹೆಜ್ಜೆ ಸರಿದೆ. ಅವರು ಮತ್ತೊಂದು ಹೆಜ್ಜೆ ಸರಿದರು. ಹೀಗೆ ನಾಲ್ಕು ಹೆಜ್ಜೆಗೆ ಅವರು ಮಳೆಯಲ್ಲಿ ನಿಂತಿದ್ದರು, ನಾನು ಛಾವಣಿಯ ನಡುಮಧ್ಯದಲ್ಲಿ. ಬಸ್ ಬಂದಾಗ ಅವರು ನನಗೆ ಮೊದಲು ಹತ್ತಲು ಕೈ ತೋರಿದರು. ಒಳಗೆ ಎಲ್ಲ ಎರಡು ಸೀಟಿನ ಸಾಲುಗಳಲ್ಲೂ ಒಬ್ಬೊಬ್ಬರೇ ಕೂತಿದ್ದರು, ಉಳಿದವರು ನಿಂತಿದ್ದರು. ಗೋಕಾಕದ ನಿಲ್ದಾಣದಲ್ಲಿ ಬಸ್ಸು ಇನ್ನೂ ತಿರುಗುತ್ತಿರುವಾಗಲೇ ಕಿಟಕಿಯಿಂದ ವಸ್ತ್ರ ಎಸೆದು ಸೀಟು ಹಿಡಿದು ಬೆಳೆದವಳಿಗೆ ಖಾಲಿ ಸೀಟಿನ ಪಕ್ಕ ನಿಲ್ಲುವುದು ಕಷ್ಟವಾಯಿತು. ಕೂತೆ. ಪಕ್ಕದ ಹೆಂಗಸು ಕಿಟಕಿಗೆ ಇನ್ನಷ್ಟು ಅಂಟಿಕೊಂಡರು.

ಶಾಲೆಯ ಮುಖ್ಯಸ್ಥರು ಪೈವಿ ಎಂಬ ಪ್ರಾಧ್ಯಾಪಕಿ. ಅರವತ್ತರ ಆಸುಪಾಸು. ಅಲ್ಲಿ ಎಲ್ಲರೂ ಅವರನ್ನು ಬರೀ ಹೆಸರು ಹಿಡಿದು ಕರೆಯುತ್ತಾರೆ, ಬಾಗಿಲು ಕಾಯುವವರೂ ಕರೆಯುತ್ತಾರೆ. ನನ್ನ ಬಾಯಿಗೆ ಅದು ಬರಲಿಲ್ಲ. "ಮೇಡಂ" ಎಂದೆ. ಅವರು ಹಿಂತಿರುಗಿ ಬೇರೆ ಯಾರಾದರೂ ಬಂದಿದ್ದಾರೆಯೇ ಎಂದು ನೋಡಿದರು. ಎರಡನೆಯ ವಾರದ ಹೊತ್ತಿಗೆ ನಾನು ಏನೂ ಕರೆಯದೆ ನೇರ ಮಾತು ಶುರುಮಾಡುವುದನ್ನು ಕಲಿತೆ.

ಕಾಫಿ ಅಂಗಡಿಯ ಮುಂದೆ

ಮೊದಲ ಶನಿವಾರ ಪೇಟೆ ನೋಡಲು ಹೋಗಿದ್ದೆವು. ಒಂದು ಕಾಫಿ ಅಂಗಡಿಯ ಹೊರಗೆ, ಕಾಲುದಾರಿಯ ಮೇಲೆ, ತಳ್ಳುಗಾಡಿಯೊಂದು ನಿಂತಿತ್ತು. ಬಗ್ಗಿ ನೋಡಿದರೆ ಒಳಗೆ ಮಗು. ನಾಲ್ಕೈದು ತಿಂಗಳಿರಬಹುದು. ಮೂಗಿನ ತುದಿ ಕೆಂಪಾಗಿತ್ತು. ಉಸಿರು ಹೊಗೆಯಾಗಿ ಬರುತ್ತಿತ್ತು. ಸುತ್ತ ಯಾರೂ ಇಲ್ಲ.

ಗ್ರೇಸ್ "ಬಾ ಹೋಗೋಣ" ಎಂದಳು. ನನಗೆ ಕಾಲು ಏಳಲಿಲ್ಲ. ಹತ್ತು ನಿಮಿಷ ಗಾಡಿಯ ಪಕ್ಕ ಕಾವಲು ನಿಂತೆ. ಆಮೇಲೆ ತಡೆಯಲಾಗದೆ ಅಂಗಡಿಯ ಬಾಗಿಲು ತೆರೆದು, "ಹೊರಗಿರುವ ಮಗು ಯಾರದು?" ಎಂದು ಇಂಗ್ಲಿಷಿನಲ್ಲಿ ಜೋರಾಗಿ ಕೇಳಿದೆ. ಇಡೀ ಅಂಗಡಿ ತಲೆ ಎತ್ತಿತು. ಕಿಟಕಿಯ ಪಕ್ಕದ ತರುಣಿಯೊಬ್ಬಳು ಕೈ ಎತ್ತಿದಳು.

"ಎದ್ದಿದೆಯಾ?"

"ಇಲ್ಲ, ಮಲಗಿದೆ."

"ಒಳ್ಳೆಯದು. ಧನ್ಯವಾದ" ಎಂದು ಅವಳು ಕಾಫಿಯ ಕಡೆ ತಿರುಗಿದಳು.

ಅಲ್ಲಿ ಮಕ್ಕಳನ್ನು ಹೊರಗೇ ಮಲಗಿಸುತ್ತಾರೆ, ಹಿಮ ಬೀಳುವಾಗಲೂ. ತಣ್ಣನೆಯ ಗಾಳಿಯಲ್ಲಿ ನಿದ್ದೆ ಗಟ್ಟಿ ಎನ್ನುತ್ತಾರೆ. ನಮ್ಮಲ್ಲಿ ಬಾಣಂತಿಯ ಕೋಣೆಗೆ ಗಾಳಿ ಬಂದರೆ ಅಪರಾಧ. ಕಿಟಕಿಗೆ ಚಾದರ, ಮಂಚದ ಕೆಳಗೆ ಕೆಂಡ, ತಾಯಿ ಮಗು ಇಬ್ಬರ ತಲೆಗೂ ಬಿಗಿಯಾಗಿ ವಸ್ತ್ರ. ಆ ತರುಣಿಯನ್ನು ನಮ್ಮ ಕಡೆಯ ಯಾವ ಅಜ್ಜಿಯ ಕೈಗೆ ಕೊಟ್ಟರೂ ಆ ಹೊತ್ತೇ ಪಂಚಾಯಿತಿ ಕೂಡಿಸುತ್ತಿದ್ದಳು. ಗ್ರೇಸ್ ದಾರಿಯುದ್ದಕ್ಕೂ ನಗುತ್ತಿದ್ದಳು. "ನಾಳೆಯ ಪತ್ರಿಕೆಯಲ್ಲಿ ಬರೆ, ತಾಂಪೆರೆಯಲ್ಲಿ ಅನಾಥ ಶಿಶು ಪತ್ತೆ" ಎಂದಳು.

ಪೆನ್ಸಿಲ್ಲು

ಪೈವಿ ನಮ್ಮ ಲೇಖನಗಳನ್ನು ಮುದ್ರಿಸಿಕೊಂಡು ಪೆನ್ಸಿಲ್ಲಿನಿಂದ ಓದುತ್ತಿದ್ದರು. ತಿದ್ದುತ್ತಿರಲಿಲ್ಲ. ಬದಿಯಲ್ಲಿ ಪ್ರಶ್ನೆ ಬರೆಯುತ್ತಿದ್ದರು, ಅಷ್ಟೆ. ನನ್ನ ಮೊದಲ ಪುಟದಲ್ಲಿ ಬರೆದದ್ದು: "ಉತ್ತರ ಇಲ್ಲಿದೆ. ಪ್ರಶ್ನೆ ಎಲ್ಲಿ?"

ನಾನು ವರದಿ ಬರೆಯುವಂತೆಯೇ ಬರೆದಿದ್ದೆ. ಮುಖ್ಯವಾದದ್ದು ಮೊದಲ ಸಾಲಿನಲ್ಲಿ, ಉಳಿದದ್ದು ಕೆಳಗೆ. ಜಾಗ ಸಾಲದಿದ್ದರೆ ಡೆಸ್ಕಿನವರು ಕೆಳಗಿನಿಂದ ಕತ್ತರಿಸುತ್ತಾರೆ. ಲೇಖನದಲ್ಲಿ ಹಾಗಲ್ಲ ಎಂದು ಪೈವಿ ವಿವರಿಸಿದರು. ಓದುಗನ ಕೈಗೆ ಮೊದಲು ಪ್ರಶ್ನೆ ಕೊಡಬೇಕು, ಉತ್ತರಕ್ಕೆ ಹೇಗೆ ಹೋದೆ ಎಂದು ದಾರಿ ತೋರಿಸಬೇಕು, ಆಗ ಅವನು ಬೇಕಾದರೆ ಬೇರೆ ಕಡೆ ಹೋಗಬಹುದು. ಎರಡು ದೇಶ ಹೋಲಿಸುವಾಗ ಯಾರು ಮುಂದೆ, ಯಾರು ಹಿಂದೆ ಎಂಬ ಪಟ್ಟಿ ಮಾಡಬಾರದು ಎಂದೂ ಹೇಳಿದರು. ಒಂದು ದೇಶದಲ್ಲಿ ಯಾರೂ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಲಿಕ್ಕೆ ಇನ್ನೊಂದು ದೇಶ ಸಹಾಯ ಮಾಡಬೇಕಂತೆ.

ನಾಲ್ಕನೆಯ ಪುಟದಲ್ಲಿ ನಾಲ್ಕು ಹೆಸರುಗಳ ಸಂಗತಿ. 'ಅಕ್ರಮ' ಎಂಬ ಪದದ ಸುತ್ತ ಪೆನ್ಸಿಲ್ಲಿನ ವೃತ್ತ. ಪಕ್ಕದಲ್ಲಿ, "ಕಾರ್ಯಕರ್ತೆ ಏನು ಹೇಳಿದರು?"

"ಇನ್ನೂ ಕೇಳಿಲ್ಲ" ಎಂದೆ.

"ಯಾಕೆ?"

ನಮ್ಮ ಪದ್ಧತಿ ಹೇಳಿದೆ. ಅವರು ಹಾಳೆಯನ್ನು ನನ್ನ ಕಡೆ ತಿರುಗಿಸಿದರು.

"ಪೊಲೀಸರಿಗೆ ಅದು ಸರಿ ಇರಬಹುದು" ಎಂದರು. "ಹದಿನೆಂಟು ವರ್ಷ ಆ ಪುಸ್ತಕ ಬರೆದವಳು ಅವಳು. ಆ ಪುಸ್ತಕ ಹೇಗೆ ಓದಬೇಕು ಎಂದು ನಿನಗೆ ಯಾರು ಹೇಳಿಕೊಟ್ಟರು?"

ಯಾರೂ ಹೇಳಿಕೊಟ್ಟಿರಲಿಲ್ಲ. ಹದಿನಾಲ್ಕು ವರ್ಷದಲ್ಲಿ ನೋಡಿದ ರಿಜಿಸ್ಟರುಗಳಿಗೆ ಲೆಕ್ಕವಿಲ್ಲ, ಹಾಗಾಗಿ ಯಾರಾದರೂ ಹೇಳಿಕೊಡಬೇಕು ಎನಿಸಿರಲಿಲ್ಲ.

ಮರುದಿನದ ಅಭ್ಯಾಸ ಎಲ್ಲರಿಗೂ ಒಂದೇ: ನಿಮ್ಮ ಅಧ್ಯಯನದಲ್ಲಿ ನೀವು ನೋಡದೆ ಬಿಟ್ಟದ್ದನ್ನು ಒಂದು ಪುಟ ಬರೆಯಿರಿ. ಪತ್ರಿಕೆಯಲ್ಲಿ ನೋಡದ್ದನ್ನು ಬರೆದರೆ ಕೆಲಸ ಹೋಗುತ್ತದೆ ಎಂದೆ. ಇಲ್ಲಿ ಬರೆಯದಿದ್ದರೆ ಹೋಗುತ್ತದೆ ಎಂದರು ಪೈವಿ. ಕೂತು ಫೋಟೊಗಳನ್ನು ಮತ್ತೆ ತೆಗೆದೆ. ಶೋಭಾ ಅವರ ರಿಜಿಸ್ಟರಿನಲ್ಲಿ ಹೆಸರು ದಾಖಲಿಸುವ ಪುಟಗಳ ಫೋಟೊ ಇದ್ದವು. ಪೊಟ್ಟಣ ಹಂಚಿ ಸಹಿ ಹಾಕಿಸಿಕೊಳ್ಳುವ ಪುಟಗಳದು ಒಂದೂ ಇರಲಿಲ್ಲ. ಅದು ಪುಸ್ತಕದ ಹಿಂಭಾಗದಲ್ಲಿತ್ತು. ನಾನು ಅಲ್ಲಿಯವರೆಗೆ ಹಾಳೆ ತಿರುವಿರಲಿಲ್ಲ. ಹೆಸರು ಇದೆ, ಆದ್ದರಿಂದ ಪೊಟ್ಟಣ ಹೋಗಿದೆ ಎಂದು ನಾನೇ ಜೋಡಿಸಿಕೊಂಡಿದ್ದೆ.

ತಾಯಂದಿರ ದವಾಖಾನೆ

ಎರಡನೆಯ ವಾರ ನಮ್ಮನ್ನು ಒಂದು ತಾಯಂದಿರ ದವಾಖಾನೆಗೆ ಕರೆದುಕೊಂಡು ಹೋದರು. ಊರೂರಿಗೆ ಇಂಥದೊಂದು ಇರುತ್ತದೆ. ಬಸಿರು ನಿಂತ ದಿನದಿಂದ ಮಗು ಶಾಲೆಗೆ ಹೋಗುವವರೆಗೆ ಒಬ್ಬ ನರ್ಸ್ ಆ ಮನೆಯನ್ನು ನೋಡಿಕೊಳ್ಳುತ್ತಾರೆ. ಹೊಸ್ತಿಲಲ್ಲೇ ಚಪ್ಪಲಿ ಬಿಚ್ಚಬೇಕು. ಪರದೇಶದಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದಾಗ ಮೊದಲ ಸಲ ಮೈ ಸಡಿಲವಾಯಿತು.

ಅಲ್ಲಿನ ನರ್ಸ್ ಐವತ್ತು ದಾಟಿದವರು, ದೊಡ್ಡ ದನಿ, ಆ ಊರಿಗೆ ಅಪರೂಪವೆನ್ನುವಷ್ಟು ಮಾತು. ಹೆರಿಗೆಯಾದ ಮೇಲೆ ತಾಯಿ ಎಲ್ಲಿ ಇರುತ್ತಾಳೆ ಎಂದು ಕೇಳಿದೆ.

"ತನ್ನ ಮನೆಯಲ್ಲಿ, ಗಂಡನ ಜೊತೆ. ಮತ್ತೆಲ್ಲಿ?"

"ತನ್ನ ತಾಯಿಯ ಮನೆಯಲ್ಲಿ. ನಮ್ಮಲ್ಲಿ ಚೊಚ್ಚಲಿಗೆ ಏಳನೆಯ ತಿಂಗಳಲ್ಲೇ ಕರೆದೊಯ್ಯುತ್ತಾರೆ. ಮಗುವಿಗೆ ಐದು ತಿಂಗಳಾಗುವವರೆಗೆ ಇರುತ್ತಾಳೆ."

"ಅಷ್ಟು ತಿಂಗಳು ಅಮ್ಮನ ಜೊತೆ?" ನರ್ಸ್ ಎದೆಯ ಮೇಲೆ ಕೈ ಇಟ್ಟುಕೊಂಡರು. "ಎರಡನೆಯ ವಾರಕ್ಕೆ ನಮ್ಮಿಬ್ಬರಲ್ಲಿ ಒಬ್ಬರೇ ಜೀವಂತ ಉಳಿಯುತ್ತಿದ್ದರು." ಎಲ್ಲರೂ ನಕ್ಕರು. ಆಮೇಲೆ ಅವರು ನನ್ನ ಕಡೆ ತಿರುಗಿ, ಹೊಸ ರೋಗಿಯ ವಿವರ ತುಂಬಿಸಿಕೊಳ್ಳುವವರ ಹಾಗೆ ಕೇಳಿದರು. "ನಿನಗೆ ಮಕ್ಕಳಿದ್ದಾರಾ?"

"ಒಬ್ಬ ಮಗಳು."

"ನೀನೂ ಅಮ್ಮನ ಮನೆಗೆ ಹೋಗಿದ್ದೆಯಾ?"

"ಹೋಗಿದ್ದೆ. ಯಮಕನಮರಡಿಗೆ. ಗಂಡನ ಮನೆ ಗೋಕಾಕ."

"ಹಾಗಾದರೆ ನೀನು ಯಾವ ಊರಿನ ಪುಸ್ತಕದಲ್ಲಿದ್ದೆ?"

ಅವರಿಗೆ ಅದು ಸಾದಾ ಪ್ರಶ್ನೆ. ಅವರಲ್ಲಿ ಒಬ್ಬಳಿಗೆ ಒಂದು ಸಂಖ್ಯೆ, ಅವಳು ಯಾವ ಊರಿಗೆ ಹೋದರೂ ಕಂಪ್ಯೂಟರಿನಲ್ಲಿ ಅವಳ ಕಾಗದ ಅವಳ ಹಿಂದೆ ಹೋಗುತ್ತದೆ. ಅವ್ವನನ್ನು ಕೇಳಿ ಹೇಳುತ್ತೇನೆ ಎಂದೆ. ಬಾಣಂತಿಯರು ತವರಿಗೆ ಹೋಗುತ್ತಾರೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ರಿಜಿಸ್ಟರ್ ನೋಡುವಾಗ ಗೊತ್ತಿರಲಿಲ್ಲ. ತೋಟಪಟ್ಟಿ ಮತ್ತು ಸಂಕೇಶ್ವರದ ಆ ಹಳ್ಳಿ ಹೆಣ್ಣು ಕೊಟ್ಟು ತರುವ ಊರುಗಳು ಎಂದು ನನ್ನ ಟಿಪ್ಪಣಿ ಪುಸ್ತಕದಲ್ಲೇ ಬರೆದುಕೊಂಡಿದ್ದೆ, ಸ್ಥಳ ಪರಿಚಯದ ಕೆಳಗೆ.

ಎರಡು ಫೋನು

ದವಾಖಾನೆಯ ಹೊರಗಿನ ಬೆಂಚಿನಿಂದ ಯಮಕನಮರಡಿಗೆ ಫೋನ್ ಹಚ್ಚಿದೆ. ತಾಂಪೆರೆಯಲ್ಲಿ ಮಧ್ಯಾಹ್ನ ಹನ್ನೆರಡು, ಊರಲ್ಲಿ ಎರಡೂವರೆ.

"ಅವ್ವಾ, ನನ್ನ ಬಾಣಂತನದಾಗ ನನ್ನ ಹೆಸರು ಯಾವ ಅಂಗನವಾಡ್ಯಾಗಿತ್ತು?"

"ಎರಡೂ ಕಡೆ ಇತ್ತು. ಯಾಕ?"

"ಎರಡೂ ಕಡೆ ಹೆಂಗಿತ್ತು?"

"ಗೋಕಾಕದಾಗ ಹೆಸರ ಹೊಡದ ಹಾಕಿದ್ರ, ನೀ ಹೊಳ್ಳಿ ಹೋದ ಮ್ಯಾಲ ಮತ್ತ ಬರಸಾಕ ಯಾರ ಅಡ್ಡ್ಯಾಡತಿದ್ರು? ನಿನ್ನ ಗಂಡಗ ಪುರುಸೊತ್ತಿತ್ತೇನು? ಅಲ್ಲಿದು ಅಲ್ಲೇ ಬಿಟ್ಟು ನಮ್ಮ ಅಂಗನವಾಡಿ ಟೀಚರ್ ಇಲ್ಲಿ ಬರಕೊಂಡ್ಲು. ಕೂಸಿಗೆ ಸೂಜಿ ಮಾಡಸಬೇಕಲ್ಲ."

"ಪೊಟ್ಟಣ?"

"ಇಲ್ಲಿ ಕೊಟ್ಲು. ನೀ ಎಲ್ಲಿ ತಿಂದಿ? ಎಮ್ಮಿ ತಿಂತು." ಆಮೇಲೆ, "ಇದೇನ ಸಾಲಿ ಕಲಿಯಾಕ ಹೋಗಿಯೋ, ನನ್ನ ಮ್ಯಾಲ ಕೇಸ್ ಹಾಕಾಕ ಹೋಗಿಯೋ?" ಎಂದಳು.

ಎರಡನೆಯ ಫೋನು ಶೋಭಾ ಅವರಿಗೆ. ನಾಲ್ಕು ಹೆಸರು ಓದಿ ಹೇಳಿದೆ. ಎರಡು ಕಡೆ ಯಾಕಿವೆ ಎಂದು ಕೇಳಿದೆ.

"ಒಂದ ನಿಮಿಷ ತಡೀರಿ, ಹುಡುಗರು ಮಲ್ಕೊಂಡಾವ. ಹೊರಗ ಬರತೇನಿ." ಬಾಗಿಲು ಎಳೆದ ಸದ್ದು. "ನಾಕೂ ಮಂದಿ ತವರಿಗೆ ಹೋದವರ ಅದಾರ್ರಿ ಅಕ್ಕಾರ. ಹೋದ ದಿವಸ ನಾ ಅಲ್ಲಿ ಟೀಚರಿಗೆ ಫೋನ್ ಮಾಡತೇನಿ, ನಾಳಿಂದ ನೀವ ನೋಡ್ರಿ ಅಂತ. ಅಕಿ ಅಲ್ಲಿ ಬರಕೋತಾಳ, ಕೊಡತಾಳ. ನಾ ಇಲ್ಲಿ ಕೊಡೂದ ನಿಂದರಸ್ತೇನಿ. ಹೆಸರ ಮಾತ್ರ ಹೊಡದ ಹಾಕೂದಿಲ್ಲ. ಹೊಡದ್ರ ಅಕೀ ತೂಕ, ಸೂಜಿ ಬರಿಯೂ ಕಾರ್ಡ್ ಅರ್ಧಕ್ಕ ನಿಂದರತೈತಿ. ಹಿಂದಿನ ಪುಟದಾಗ ಬರದೈತಲ್ಲ, ನೀವು ನೋಡಿಲ್ಲೇನು?"

ನೋಡಿಲ್ಲ ಎಂದೆ.

"ನಾ ಕಳ್ಳಿ ಅಂತ ಅನಿಸಿತ್ತೇನ್ರಿ ನಿಮಗ?"

ಸುಳ್ಳು ಹೇಳಬಹುದಿತ್ತು. "ಅನುಮಾನ ಬಂದಿತ್ತು" ಎಂದೆ.

"ಯಾವಾಗ?"

"ಹೊರಡೂ ವಾರ."

"ಅದ ವಾರ ನೀವು ಹೇಳಿ ಹೋಗಾಕ ಬಂದಿದ್ರಿ. ನಾ ಕುಂಕುಮ ಹಚ್ಚಿ ಕಳಸಿದೆ." ಅವರ ದನಿ ಏರಿರಲಿಲ್ಲ. "ಮೂರ ದಿವಸ ನನ್ನ ಬಾಜೂ ಕುಂತಿದ್ರಿ. ಒಂದ ಮಾತ ಅಲ್ಲೇ ಕೇಳಿದ್ರ ನಿಮ್ಮ ಬಾಯಿ ಏನ ಸವೀತಿತ್ತ್ರಿ?"

ತಪ್ಪಾಯಿತು ಎಂದೆ. ಹುಡುಗರು ಎದ್ದರು ಎಂದು ಹೇಳಿ ಅವರು ಫೋನ್ ಇಟ್ಟರು.

ಮರುದಿನ ಅವರಿಂದ ಫೋಟೊಗಳು ಬಂದವು. ಹಂಚಿಕೆಯ ಪುಟಗಳು. ಮೂವರ ಹೆಸರಿನ ಮುಂದೆ ಆ ತಿಂಗಳುಗಳೆಲ್ಲ ಖಾಲಿ, ಷರಾದ ಕಾಲಮ್ಮಿನಲ್ಲಿ 'ತವರಿಗೆ ಹೋಗಿದ್ದಾಳೆ' ಎಂದು ದುಂಡನೆಯ ಅಕ್ಷರ. ನಾಲ್ಕನೆಯವಳ ಹೆಸರಿನ ಮುಂದೆ ಒಂದು ತಿಂಗಳು ಹೆಬ್ಬೆಟ್ಟು ಇತ್ತು. ಅದೇ ತಿಂಗಳು ಸಂಕೇಶ್ವರದ ಬದಿಯ ಹಳ್ಳಿಯ ಹಂಚಿಕೆಯ ಪುಟದಲ್ಲೂ, ನಾನು ಮೊದಲೇ ತೆಗೆದಿದ್ದ ಫೋಟೊದಲ್ಲಿ, ಅವಳ ಸಹಿ ಇತ್ತು. ಆ ಹೆಬ್ಬೆಟ್ಟಿನ ಸುತ್ತ ಶೋಭಾ ತಾವೇ ಗುಂಡಗೆ ಗೆರೆ ಎಳೆದು ಕಳಿಸಿದ್ದರು. ಜೊತೆಗೆ ಧ್ವನಿ ಸಂದೇಶ: "ಇದ ಅಕೀ ಅತ್ತೀದ್ರಿ. ಸೊಸಿಗೆ ಬಸ್ಸಿನಾಗ ಕೊಟ್ಟ ಕಳಸ್ತೇನಿ, ಕೊಡ ಅಂದ್ಲು. ಕೊಟ್ಟೆ. ಮನ್ಯಾಗ ಇನ್ನೊಂದ ಮೊಮ್ಮಗ ಐತಿ, ಅದಕ್ಕ ತಿನಿಸಿರಬೇಕು. ಕೊಡಬಾರದಿತ್ತು, ಕೊಟ್ಟೇನಿ. ನೀವ ಹುಡುಕೂಕ್ಕಿಂತ ಮದಲ ನಾನ ತೋರಸಾಕತ್ತೇನಿ."

ಸೋಮವಾರ

ಭಾನುವಾರ ಸಂಪಾದಕರಿಗೆ ಫೋನ್ ಮಾಡಿ ನಾಳೆಯ ವರದಿ ಇಲ್ಲ ಎಂದೆ. ಕಾರಣ ಹೇಳಿದೆ. ಪ್ರಾಮಾಣಿಕವಾಗಿ ಹೇಳಬೇಕೆಂದು ಹೆಬ್ಬೆಟ್ಟಿನ ಸಂಗತಿಯನ್ನೂ ಹೇಳಿದೆ. ಅದು ನನ್ನ ಎರಡನೆಯ ತಪ್ಪು.

"ನಾಕ ಬ್ಯಾಡ್ರಿ, ಒಂದ ಸಾಕು. ಎರಡೂ ಕಡೆ ದಾಖಲೆ ಐತಿ, ಅಕಿ ಬಾಯಿಲೇ ಒಪ್ಪಕೊಂಡಾಳ. ಇನ್ನೇನ ಬೇಕು?"

"ಸರ್, ಅದು ಒಂದ ಪೊಟ್ಟಣ."

"ಪುಟ ಖಾಲಿ ಐತ್ರಿ ಬಾಯಾರ."

"ಒಂದ ಪೊಟ್ಟಣಕ್ಕ ಒಬ್ಬಾಕಿ ಕೆಲಸ ಹೋಗತೈತಿ ಸರ್."

"ಅದನ್ನ ಇಲಾಖೆ ನೋಡಕೋತೈತಿ. ನಮ್ಮ ಕೆಲಸ ಬರಿಯೂದು. ಖರೆ ಐತೋ ಇಲ್ಲೋ, ಅಷ್ಟ ಹೇಳ್ರಿ."

ಹದಿನಾಲ್ಕು ವರ್ಷ ನಾನೂ ಇದನ್ನೇ ಕೇಳುತ್ತ ಬಂದವಳು. ಖರೆಯೇ ಇತ್ತು. ಆದರೆ ಆ ಒಂದು ಖರೆಯನ್ನು ಎಂಟು ಇಂಚಿನ ಅಗಲದಲ್ಲಿ ಹಾಕಿದರೆ, ಉಳಿದ ಖರೆಗೆ ಜಾಗ ಇರುವುದಿಲ್ಲ. ಬರೆಯುವುದಿಲ್ಲ ಎಂದೆ. "ಅಲ್ಲಿ ಗಾಳಿ ಬಡೀತು ನಿಮಗ" ಎಂದು ಅವರು ಫೋನ್ ಇಟ್ಟರು. ಸೋಮವಾರ ಆ ಜಾಗದಲ್ಲಿ ಹೆದ್ದಾರಿಯಲ್ಲಿ ಮಗುಚಿದ ಕಬ್ಬಿನ ಟ್ರ್ಯಾಕ್ಟರಿನ ಫೋಟೊ ಬಂತು. ಮರಳಿದ ಮೇಲೆ ಒಂದು ತಿಂಗಳು ನನ್ನ ವರದಿಗಳು ಒಳಪುಟದ ಮೂಲೆಯಲ್ಲಿ ಬಂದವು. ಅದನ್ನು ದೂರಾಗಿ ಹೇಳುತ್ತಿಲ್ಲ, ದಾಖಲೆಗೆ ಇರಲಿ ಎಂದು ಬರೆದಿದ್ದೇನೆ.

ಕೊನೆಯ ಐದು ದಿನ ಲೇಖನವನ್ನು ಮೊದಲಿನಿಂದ ಬರೆದೆ. ಈ ಸಲ ಪ್ರಶ್ನೆ ಇತ್ತು. ಬಸಿರಿನಿಂದ ಬಾಣಂತನದವರೆಗೆ ಹೆಂಗಸು ಒಂದೇ ಮನೆಯಲ್ಲಿ ಇರುತ್ತಾಳೆ ಎಂದು ಎರಡೂ ದೇಶದ ಯೋಜನೆಗಳು ಎಣಿಸಿವೆ. ಫಿನ್ಲೆಂಡಿನಲ್ಲಿ ಬಹುಮಟ್ಟಿಗೆ ಅದು ನಿಜ. ಅಲ್ಲದಿದ್ದಾಗ ಅವಳ ಸಂಖ್ಯೆ ಅವಳ ಹಿಂದೆ ಹೋಗುತ್ತದೆ. ನಮ್ಮಲ್ಲಿ ಅವಳು ಅತ್ತೆ ಮನೆಯಿಂದ ತವರಿಗೆ, ಒಂದು ತಾಲ್ಲೂಕಿನಿಂದ ಇನ್ನೊಂದಕ್ಕೆ ಹೋದಾಗ ಅವಳನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಯಾರು ಒಪ್ಪಿಸುತ್ತಾರೆ? ಯಾವ ಸುತ್ತೋಲೆಯಲ್ಲೂ ಇಲ್ಲದ ಆ ಕೆಲಸವನ್ನು ಇಬ್ಬರು ಕಾರ್ಯಕರ್ತೆಯರು ಫೋನಿನ ಮೇಲೆ ಮಾಡುತ್ತಾರೆ. ಹೆಬ್ಬೆಟ್ಟಿನ ತಿಂಗಳನ್ನೂ ಬರೆದೆ. ಆ ಏರ್ಪಾಟು ಎಲ್ಲಿ ಸಡಿಲ ಎಂದು ಅದೇ ತೋರಿಸುತ್ತಿತ್ತು. ನಿಯಮದ ಪ್ರಕಾರ ಊರಿನ ಹೆಸರು, ಜನರ ಹೆಸರು ತೆಗೆದೆ. ಶೋಭಾ 'ಒಬ್ಬ ಕಾರ್ಯಕರ್ತೆ' ಆದರು.

ಪೈವಿ ಓದಿ ವಾಪಸು ಕೊಟ್ಟಾಗ ಆ ಪುಟದಲ್ಲಿ ಒಂದೇ ಪ್ರಶ್ನೆ ಇತ್ತು. "ಅವಳಿಗೆ ಇದನ್ನು ತೋರಿಸಿದೆಯಾ?"

ಬರೆದದ್ದನ್ನು ಛಾಪಿಸುವ ಮುಂಚೆ, ಯಾರ ಬಗ್ಗೆ ಬರೆದಿದ್ದೇವೋ ಅವರಿಗೆ ತೋರಿಸುವುದು ನಮ್ಮ ಕಸುಬಿನಲ್ಲಿ ನಿಷಿದ್ಧ. ತೋರಿಸಿದವರನ್ನು ಕೆಲಸದಿಂದ ತೆಗೆದದ್ದನ್ನು ನೋಡಿದ್ದೇನೆ. ಮರಳುವ ವಿಮಾನದಲ್ಲಿ ಆ ಭಾಗವನ್ನು ಕನ್ನಡಕ್ಕೆ ಮಾಡಿದೆ.

ತೋಟಪಟ್ಟಿ

ಗೋಕಾಕದಿಂದ ಕುಲಗೋಡದ ಬಸ್ಸಿನಲ್ಲಿ ಒಂದು ಸೀಟಿನಲ್ಲಿ ಮೂವರು ಕೂತೆವು. ಅಲ್ಲಿಂದ ಕಬ್ಬಿನ ಗಾಡಿಗಳ ನಡುವೆ ನಡಿಗೆ. ಶೋಭಾ ಮಕ್ಕಳಿಗೆ ಊಟಕ್ಕೆ ಬಡಿಸುತ್ತಿದ್ದರು. "ಬರ್ರಿ" ಎಂದರು, ಅಷ್ಟೆ. ಉಪ್ಪಿಟ್ಟಿನ ಮಾತಿಲ್ಲ. ನಾನು ಹಾಳೆಗಳನ್ನು ಮುಂದಿಟ್ಟು, ತಪ್ಪಿದ್ದರೆ ತಿದ್ದಿರಿ ಎಂದು ಪೆನ್ಸಿಲ್ ಕೊಟ್ಟೆ. ತಾಂಪೆರೆಯದಲ್ಲ, ಗೋಕಾಕದ ಅಂಗಡಿಯದು.

ಅವರು ಚಾಪೆಯ ಮೇಲೆ ಕೂತು, ಬೆರಳು ಇಟ್ಟು ಸಾಲು ಸಾಲಾಗಿ ಓದಿದರು. ನಡುವೆ ಒಮ್ಮೆ ಎದ್ದು ಒಂದು ಮಗುವಿನ ಮೂಗು ಒರೆಸಿ ಬಂದರು.

"ಫೋನಿನಾಗ ಮಾತಾಡತಾರ ಅಂತ ಬರದೀರಿ. ಫೋನ್ ಯಾರದು, ಕರೆನ್ಸಿ ಹಾಕಸೂ ರೊಕ್ಕ ಯಾರದು ಅಂತ ಬರದಿಲ್ಲ."

"ಬರೀರಿ."

ಬರೆದರು. ಮತ್ತೆ ಓದಿದರು. ಹೆಬ್ಬೆಟ್ಟಿನ ಸಾಲು ಬಂದಾಗ ನಾನು ಅವರ ಮುಖ ನೋಡಿದೆ. ಅಲ್ಲಿ ನಿಲ್ಲದೆ ಮುಂದೆ ಹೋದರು. ಕೊನೆಯ ಹಾಳೆ ಮುಗಿಸಿ ಮತ್ತೆ ಮೊದಲನೆಯದಕ್ಕೆ ಬಂದರು.

"ಈ 'ಒಬ್ಬ ಕಾರ್ಯಕರ್ತೆ' ಯಾರ್ರಿ?"

"ನೀವ."

"ನನಗ ಹೆಸರಿಲ್ಲೇನು?"

ನಿಯಮ ವಿವರಿಸಿದೆ. ಹೆಸರು ಹಾಕಿದರೆ ತೊಂದರೆ ಆಗಬಹುದು, ಆ ಒಂದು ತಿಂಗಳ ಸಂಗತಿ ಇಲಾಖೆಯ ಕಣ್ಣಿಗೆ ಬಿದ್ದರೆ ನೋಟಿಸ್ ಬರಬಹುದು, ಅದಕ್ಕೇ ಇಂಥ ಲೇಖನಗಳಲ್ಲಿ ಹೆಸರು ಮುಚ್ಚುತ್ತಾರೆ ಎಂದೆ.

"ಕಳ್ಳಿ ಅಂದಾಗ ಪೇಪರಿನಾಗ ನನ್ನ ಹೆಸರು, ಊರು, ಎಲ್ಲಾ ಹಾಕಾಕ ತಯಾರಿದ್ರಿ. ಕೆಲಸ ಬರೋಬರಿ ಐತಿ ಅಂದ ಕೂಡ್ಲೆ ನಾ 'ಒಬ್ಬಾಕಿ' ಆದ್ನೇನು?"

"ನೋಟಿಸ್ ಬಂದ್ರ?"

"ಬರ್ಲಿ. ಉತ್ತರ ಕೊಡಾಕ ನನಗ ಬರತೈತಿ. ಯಾರರೆ ಕೇಳಿದ್ರ ಸಾಕು."

ಅವರು 'ಒಬ್ಬ ಕಾರ್ಯಕರ್ತೆ' ಎಂಬುದರ ಮೇಲೆ ಗೆರೆ ಎಳೆದರು. ಅದರ ಮೇಲ್ಗಡೆ, ರಿಜಿಸ್ಟರಿನಲ್ಲಿ ಬರೆಯುವ ಅದೇ ದುಂಡನೆಯ ಅಕ್ಷರದಲ್ಲಿ, ತಮ್ಮ ಹೆಸರು, ಗಂಡನ ಹೆಸರು, ಅಡ್ಡಹೆಸರು ಬರೆದರು. ಹೆಬ್ಬೆಟ್ಟಿನ ಸಾಲಿನಲ್ಲೂ ಹಾಗೇ ಹೊಡೆದು ಹಾಗೇ ಬರೆದರು. ಹಾಳೆಗಳನ್ನು ಜೋಡಿಸಿ ನನ್ನ ಕೈಗೆ ಕೊಟ್ಟು, ಮಕ್ಕಳ ಕೈ ತೊಳೆಸಲು ಎದ್ದರು.

ಹೊಡೆದು ಹಾಕಿದ ಗೆರೆಗಳ ಸಮೇತ ಆ ಹಾಳೆಗಳನ್ನು, ಶೋಭಾ ಬರೆದದ್ದರ ಇಂಗ್ಲಿಷ್ ಜೊತೆಗಿಟ್ಟು, ಪೈವಿಗೆ ಕಳಿಸಿದೆ. ನನ್ನ ಕಡೆಯಿಂದ ಒಂದು ಅಕ್ಷರವನ್ನೂ ತಿದ್ದಲಿಲ್ಲ.